ಲೆಕ್ಕಕ್ಕಿಲ್ಲದ ತಿಂಗಳು

ಆ ವರ್ಷ ಶ್ರಾವಣ ಎರಡು ಬಂದವು. ಮೊದಲನೆಯದು ಅಧಿಕ, ಎರಡನೆಯದು ನಿಜ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕಾದರೆ ನಾನು ಇಲ್ಲಿಂದಲೇ ಶುರು ಮಾಡಬೇಕು. ಯಾರ ಸಿಟ್ಟು, ಯಾರ ಜಿಪುಣತನ ಎಂದು ಬೇರೆ ಕಡೆಯಿಂದ ಹಿಡಿದರೆ ಮಾತು ದಾರಿ ತಪ್ಪುತ್ತದೆ. ಹಾಗೆ ಹಿಡಿದು ಹೇಳಿದವರನ್ನು ನಾನು ಬಹಳ ಕೇಳಿದ್ದೇನೆ.

ನಾವಿದ್ದದ್ದು ಮಧುಗಿರಿ ತಾಲ್ಲೂಕಿನಲ್ಲಿ, ಪುರವರದ ಹತ್ತಿರದ ಹಳ್ಳಿ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಇನ್ನೂ ನಡೆಯಲು ಕಲಿಯುತ್ತಿದ್ದ ನನ್ನ ಮಗಳು. ಮೈದುನ ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರಾದ್ದರಿಂದ ಅವನ ಹೆಂಡತಿ ನಮ್ಮ ಜೊತೆಯೇ ಇದ್ದಳು. ಅವಳು ಪಾವಗಡದ ಕಡೆಯ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ; ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ತಂಗಿ ಬಸುರಿಯಾದದ್ದು ಯಾವಾಗ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯುಗಾದಿ ಕಳೆದ ವಾರದಲ್ಲಿ ಅವಳು ಹೊರಗೆ ಕೂತಿದ್ದಳು. ಹಿತ್ತಿಲ ಚಪ್ಪರದ ಕೆಳಗೆ ಅವಳಿಗೆ ಊಟ ಇಟ್ಟು ಬರುತ್ತಿದ್ದವಳು ನಾನೇ. ಆಮೇಲೆ ಕೂರಲಿಲ್ಲ. ಶುರುವಿನ ಬಗ್ಗೆ ಜಗಳವೇ ಇರಲಿಲ್ಲ. ಜಗಳವಿದ್ದದ್ದು ನಡುವೆ ಬಂದುಹೋದ ಒಂದು ತಿಂಗಳಿನ ಬಗ್ಗೆ.

ನಮ್ಮಲ್ಲಿ ಮೊದಲ ಹೆರಿಗೆ ತವರಿನದು. ಏಳನೆಯ ತಿಂಗಳಲ್ಲಿ ತಂದೆಯೋ ಅಣ್ಣನೋ ಬಂದು ಕರೆದುಕೊಂಡು ಹೋಗುತ್ತಾರೆ. ಏಳರಲ್ಲಿ ಆಗದಿದ್ದರೆ ಒಂಬತ್ತರಲ್ಲಿ. ಎಂಟರಲ್ಲಿ ಮಾತ್ರ ಕೂಡದು. ಎಂಟರಲ್ಲಿ ಬಸುರಿ ಹಳ್ಳ ದಾಟಬಾರದು, ಊರ ಗಡಿ ದಾಟಬಾರದು. ಹತ್ತು ಬಿದ್ದ ಮೇಲೆ ಅವಳನ್ನು ಬಸ್ಸು ಹತ್ತಿಸುವವರೂ ಇಲ್ಲ. ನನ್ನನ್ನು ಕೊರಟಗೆರೆಯ ಕಡೆಯ ನನ್ನ ತವರಿಗೆ ಏಳರಲ್ಲಿಯೇ ಕರೆದೊಯ್ದಿದ್ದರು. ತುಪ್ಪ, ಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ, ಮೈಗೆ ಎರೆಯುವ ನೀರಿಗೆ ಹೊರೆಗಟ್ಟಲೆ ಸೌದೆ, ಸೂಲಗಿತ್ತಿಗೆ ಸೀರೆ. ಇದೆಲ್ಲಕ್ಕಿಂತ ಹೆಚ್ಚು ಭಾರವಾದದ್ದು, ಮೂರು ತಿಂಗಳು ಹೊಲದ ಮುಖ ನೋಡದೆ ಒಳಗೆ ಮಲಗುವ ಒಂದು ಹೆಣ್ಣು, ಅವಳಿಗಾಗಿ ಹೊಲ ಬಿಟ್ಟು ಒಲೆ ಮುಂದೆ ಕೂರುವ ಇನ್ನೊಂದು ಹೆಣ್ಣು. ನನ್ನ ತಾಯಿ ಅದನ್ನೆಲ್ಲ ಮಾಡಿ ನನ್ನನ್ನು ಕಳಿಸಿದಾಗ ಅವಳ ಮುಖ ಅರ್ಧವಾಗಿತ್ತು. ಖರ್ಚು ಎಂದರೆ ಏನು ಎಂದು ನಾನು ನೋಡಿದ್ದು ಆ ಮುಖದಲ್ಲಿ.

ಖರ್ಚಿನ ಜೊತೆ ಹೊಣೆಯೂ ಇತ್ತು. ಹೆರಿಗೆ ಯಾರ ಮನೆಯಲ್ಲಿ ಆಗುತ್ತದೋ, ಹೆಚ್ಚುಕಡಿಮೆಯಾದರೆ ಮಾತು ಆ ಮನೆಗೆ ಬರುತ್ತದೆ. ಅತ್ತೆ ಹೆದರುತ್ತಿದ್ದದ್ದು ತುಪ್ಪಕ್ಕಲ್ಲ, ಆ ಮಾತಿಗೆ. ಇದನ್ನು ನಾನು ಅವರ ಪರವಾಗಿ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಮಹಾನವಮಿ ಕಳೆದ ಮೇಲೆ ತಂಗಿಯ ತಂದೆ ಬಂದರು. ಪಾವಗಡದಿಂದ ಮಧುಗಿರಿಗೆ ಬಸ್ಸು, ಅಲ್ಲಿಂದ ಮತ್ತೊಂದು ಬಸ್ಸು, ಆಮೇಲೆ ನಡಿಗೆ. ಕಾಲು ತೊಳೆದು ಜಗಲಿಯ ಮೇಲೆ ಕೂತರು. ಕೈಯಲ್ಲಿ ಬಾಳೆಹಣ್ಣು, ಹೂವು ಇದ್ದವೇ ಹೊರತು ಮಡಿಲು ತುಂಬುವ ಸಾಮಾನು ಇರಲಿಲ್ಲ. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಮಜ್ಜಿಗೆ ಕೊಡಿಸಿದರು.

"ಒಳ್ಳೇ ಹೊತ್ಗೆ ಬಂದ್ರಿ ಬೀಗ್ರೇ. ಏಳು ನಡೀತೈತೆ. ನಾಳೀಕೆ ದಿನ ಚೆನ್ನಾಗೈತೆ, ಕರ್ಕಂಡೋಗಿ" ಎಂದರು ಅತ್ತೆ.

ಬೀಗರು ಲೋಟ ಕೆಳಗಿಟ್ಟರು. ಅವರ ಮಾತಿನಲ್ಲಿ ಪಾವಗಡದ ಕಡೆಯ ತೆಲುಗು ಬೆರೆತಿತ್ತು, ಮಗಳನ್ನು ಬಿಡ್ಡ ಎನ್ನುತ್ತಿದ್ದರು. "ಏಳೆಲ್ಲಿ ಅಕ್ಕಯ್ಯಾ? ಎಂಟು ಬಿತ್ತು ಕದಾ? ಎಂಟ್ರಾಗೆ ಬಿಡ್ಡನ್ನ ಹೆಂಗೆ ಕರ್ಕಂಡೋಗ್ಲಿ?"

"ಚೈತ್ರದಿಂದ ಎಣಿಸ್ರಿ. ಆಶ್ವೀಜಕ್ಕೆ ಏಳು."

"ನಡುವೆ ಅಧಿಕ ಬಂತಲ್ಲಾ."

"ಅಧಿಕಾನ ಯಾರಾನಾ ಎಣಿಸ್ತಾರಾ? ಅಧಿಕದಾಗೆ ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಯಾವ ಶುಭಕ್ಕೂ ಲೆಕ್ಕಕ್ಕಿಲ್ದಿದ್ದು ಬಸ್ರಿಗೆ ಲೆಕ್ಕ ಬತ್ತದಾ?"

"ಅಧಿಕದಾಗೆ ಎಮ್ಮೆ ಹಾಲು ಕೊಡಾದ್ ನಿಲ್ಲಿಸ್ತದಾ ಅಕ್ಕಯ್ಯಾ? ಹೊಟ್ಟೇಲಿರೋ ಕೂಸು ಪಂಚಾಂಗ ನೋಡ್ಕಂಡು ಬೆಳೀತದಾ?"

"ಓಹೋ, ನಮ್ಮ ಸೊಸೇನ ಎಮ್ಮೆ ಮಾಡ್ಬುಟ್ರಲ್ಲ ಬೀಗ್ರು!"

ಎಲ್ಲರೂ ನಕ್ಕರು. ಅವರೂ ನಕ್ಕರು. ಒಳಗೆ ರಾಗಿ ಕೇರುತ್ತಿದ್ದ ತಂಗಿಯ ಮೊರ ನಿಂತಿತು. ಅವಳು ನಗಲಿಲ್ಲ. ಕೊನೆಗೆ ತಂದೆ, "ಒಂಬತ್ರಲ್ಲಿ ಬತ್ತೀನಿ, ಖಂಡಿತ ಬತ್ತೀನಿ" ಎಂದು ಹೇಳಿ, ಮಗಳ ತಲೆಯ ಮೇಲೆ ಕೈಯಿಟ್ಟು ಹೊರಟರು. ಎಂಟು ಎಂದು ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ನಿಜ ಎಂಬ ಕಾರಣಕ್ಕೆ ಅವರು ಅದನ್ನು ಹೇಳಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಅಂದು ಸಂಜೆ ಬಾವಿಯ ಹತ್ತಿರ ನಾನು ಅವಳನ್ನು ಕೇಳಿದೆ, "ನಿನ್ನ ಲೆಕ್ಕ ಎಷ್ಟು ತಂಗಿ?"

"ನನ್ ಲೆಕ್ಕ ಯಾರಿಗ್ ಬೇಕಕ್ಕ" ಎಂದಳು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳಲು ಹೋದಳು. ಸೊಂಟದಲ್ಲಿ ಕೊಡಕ್ಕೆ ಜಾಗವಿರಲಿಲ್ಲ. ನಾನು ತೆಗೆದುಕೊಂಡೆ.

ದೀಪಾವಳಿಗೆ ಮೈದುನ ಬಂದ. ಬಂದವನೇ ಅಂಗಿಯ ಜೇಬಿನಿಂದ ಒಂದು ಕಾರ್ಡು ತೆಗೆದು ಎಲ್ಲರಿಗೂ ತೋರಿಸಿದ. ಮಿಲ್ಲಿನಲ್ಲಿ ಹೊಸದಾಗಿ ಇನ್ಶೂರ್ ಎಂದು ಮಾಡಿದ್ದಾರೆ, ಸಂಬಳದಲ್ಲಿ ಇಷ್ಟು ಅಂತ ಹಿಡಿಯುತ್ತಾರೆ, ಕಾಯಿಲೆ ಬಿದ್ದರೆ ಡಾಕ್ಟರು, ಔಷಧಿ, ಆಸ್ಪತ್ರೆ ಎಲ್ಲ ಅವರದೇ ಹೊಣೆ ಎಂದ. ನಮ್ಮೂರಿನಲ್ಲಿ ಇನ್ಶೂರ್ ಎಂದರೆ ಪೋಸ್ಟಾಫೀಸಿನಲ್ಲಿ ಅರಗಿನ ಮುದ್ರೆ ಒತ್ತಿ ಕಳಿಸುವ ಲಕೋಟೆ. ಮನುಷ್ಯರಿಗೂ ಅದು ಇದೆ ಎಂದು ಕೇಳಿದ್ದು ಅದೇ ಮೊದಲು. ಅತ್ತೆಯ ಮುಖ ಅರಳಿತು. ಬಹಳ ದಿನಗಳ ಮೇಲೆ ಅದನ್ನು ನೋಡಿದೆ.

"ಅಂಗಾರೆ ಇವ್ಳುನ್ನ ಬೆಂಗ್ಳೂರಿಗೆ ಕರ್ಕಂಡೋಗ್ಲಾ. ಅವರೇ ಹೊಣೆ ಹೊತ್ಕಳ್ಲಿ. ಬೀಗ್ರಿಗೂ ಬ್ಯಾಡ, ನಮಗೂ ಬ್ಯಾಡ."

ಮೈದುನ ತಲೆ ಕೆರೆದುಕೊಂಡ. "ಅದು ನಂಗ್ ಮಾತ್ರ ಕಣವ್ವ. ಮನೇವ್ರಿಗೆ ಇನ್ನೂ ಬಂದಿಲ್ಲ. ಮುಂದೆ ಬತ್ತದಂತೆ."

"ನಿಂಗ್ ಮಾತ್ರಾನಾ?"

"ಹೂಂ ಕಣವ್ವ."

"ಅಂಗಾರೆ ನೀನೇ ಹೆರೋಗ್ಲಾ!" ಎಂದರು ಅತ್ತೆ.

ಈ ಸಲ ತಂಗಿಯೂ ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈದುನನೂ ನಕ್ಕು ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಹಬ್ಬ ಮುಗಿಸಿಕೊಂಡು ಹೋಗುವಾಗ ನನ್ನ ಹತ್ತಿರ ಬಂದು, "ನೋಡ್ಕಳ್ಳಿ ಅತ್ತಿಗೆ" ಎಂದ. ಇಷ್ಟು ಬಿಟ್ಟರೆ ಅವನ ಕೈಯಲ್ಲೂ ಏನಿರಲಿಲ್ಲ.

ಕಾರ್ತಿಕ ಮಾಸದ ಒಂದು ಬೆಳಗ್ಗೆ ಶಿರಾದ ಬಳೆ ಸಾಬರು ಬಂದರು. ಅವರು ಬಳೆಸರಗಳ ಮಲಾರವನ್ನು ಬೆನ್ನಿಗೆ ಹಾಕಿಕೊಂಡು ಶಿರಾ, ಪಾವಗಡ, ಮಧುಗಿರಿ ಸುತ್ತುವ ಮುದುಕರು. ಯಾವ ಮನೆಯಲ್ಲಿ ಯಾವ ಅಳತೆಯ ಕೈ ಎಂದು ಅವರಿಗೆ ಗೊತ್ತು. ಬಸುರಿಗೆ ಹಸಿರು ಬಳೆ ತೊಡಿಸಬೇಕೆಂದು ಅತ್ತೆಯೇ ಕರೆದರು. ಸಾಬರು ತಂಗಿಯ ಕೈಯನ್ನು ಮೆತ್ತಗೆ ಒತ್ತಿ ಬಳೆ ಏರಿಸುತ್ತಾ ಮುಖ ನೋಡಿದರು.

"ಅರೆ, ನೀನು ಪಾವಗಡ ಕಡೆ ಹುಡ್ಗಿ ಅಲ್ವಾ ಬೇಟಿ? ಗಣೇಶನ ಹಬ್ಬದಾಗೆ ನಿಮ್ಮಮ್ಮಂಗೂ ಇದೇ ಹಸ್ರು ಬಳೆ ತೊಡ್ಸಿ ಬಂದೆ ನಾನು. ಅಲ್ಲಾನ ದಯ, ಹೋದ ತಿಂಗ್ಳು ಗಂಡು ಮಗು ಆಯ್ತಂತೆ. ತಾಯಿಗೂ ಮಗ್ಳಿಗೂ ಒಂದೇ ಸಲ, ಒಂದೇ ಬಳೆ!"

ಒಳ್ಳೆಯ ಸುದ್ದಿ ತಂದೆನೆಂದು ಅವರು ಸಂತೋಷದಿಂದ ಹೇಳಿದರು. ತಂಗಿ ಕೈಯನ್ನು ಎಳೆದುಕೊಂಡಳು. ಒಂದು ಬಳೆ ಒಡೆಯಿತು.

ಅವಳಿಗೆ ಗೊತ್ತಿತ್ತು. ನಮಗೆ ಹೇಳಿರಲಿಲ್ಲ. ಮಗಳು ಬಸುರಿಯಾಗಿರುವಾಗ ತಾಯಿಯೂ ಬಸುರಿ ಎಂದು ಗಂಡನ ಮನೆಯಲ್ಲಿ ಹೇಗೆ ಹೇಳುವುದು? ತಂದೆ ಜಗಲಿಯ ಮೇಲೆ ಕೂತು ಅಧಿಕ ಮಾಸವನ್ನು ಲೆಕ್ಕಕ್ಕೆ ಹಿಡಿದದ್ದು ಅದಕ್ಕೆ. ಅಂದು ಅವರ ಮನೆಯಲ್ಲಿ ತುಂಬಿದ ಬಸುರಿ ಇದ್ದಳು. ಇನ್ನೊಬ್ಬಳನ್ನು ಕರೆದೊಯ್ದರೆ ಒಲೆ ಮುಂದೆ ಕೂರುವವರು ಯಾರು? ಅದನ್ನು ಹೇಳಲು ನಾಚಿಕೊಂಡು ಎಂಟು ಎಂದಿದ್ದರು.

ಸಾಬರು ಹೋದ ಮೇಲೆ ಅತ್ತೆ ಒಡೆದ ಬಳೆಯ ಚೂರುಗಳನ್ನು ತಾವೇ ಆರಿಸುತ್ತಾ, "ನನ್ ಹತ್ರ ಹೇಳಿದ್ರೆ ನಾನೇನು ಹುಲಿನಾ?" ಎಂದರು. ಆ ಗಳಿಗೆಯಲ್ಲಿ ಅವರು, ಇಲ್ಲೇ ಆಗಲಿ ಬಿಡು, ನಾನೇ ಮಾಡುತ್ತೇನೆ ಎಂದುಬಿಡುತ್ತಾರೆ ಎಂದು ನನಗನ್ನಿಸಿತು. ಅನ್ನಲಿಲ್ಲ. ಮೋಸ ಹೋದೆ ಎಂಬುದು ಅವರಿಗೆ ಹೆಚ್ಚಾಯಿತು.

ಅದಾದ ಸ್ವಲ್ಪ ದಿನಕ್ಕೇ ತಂದೆ, ಹೇಳಿದಂತೆ, ಬಂದರು. ಈ ಸಲ ಗಂಟು ತಂದಿದ್ದರು. ಅಕ್ಕಿ, ಬೆಲ್ಲ, ಕೊಬ್ಬರಿ, ಒಗೆದು ಮೆತ್ತಗಾದ ಹಳೆಯ ಸೀರೆಗಳು, ಬಾಯಿಗೆ ಬಟ್ಟೆ ಕಟ್ಟಿದ ತುಪ್ಪದ ಪುಟ್ಟ ಗಡಿಗೆ. ತಮ್ಮ ಹೆಂಡತಿಯ ಬಾಣಂತನಕ್ಕೆಂದು ಕೂಡಿಸಿದ್ದರಲ್ಲಿ ಅರ್ಧ ತೆಗೆದು ತಂದದ್ದು ಎಂದು ಆ ಗಡಿಗೆ ಎತ್ತಿ ನೋಡಿದರೇ ತಿಳಿಯುತ್ತಿತ್ತು; ತುಪ್ಪ ಅದರ ಅರ್ಧದವರೆಗೆ ಮಾತ್ರ ಇತ್ತು.

"ಒಂಬತ್ತು ಬಿತ್ತು. ಬಿಡ್ಡನ್ನ ಕಳಿಸ್ಕೊಡಿ ಅಕ್ಕಯ್ಯಾ. ಅವ್ರಮ್ಮ, ಇವ್ಳು, ಇಬ್ಬರೂ ಒಂದೇ ಒಲೆ ಮುಂದೆ ಮಲಗ್ತಾರೆ. ಎಂಗೋ ನೋಡ್ಕಂತೀವಿ."

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. "ಒಂಬತ್ತೆಲ್ಲಿ ಬೀಗ್ರೇ? ನನ್ ಲೆಕ್ಕಕ್ಕೆ ಎಂಟು. ಎಂಟ್ರಲ್ಲಿ ಕಳ್ಸಕ್ಕಾಗಲ್ಲ. ನೀವೇ ಹೇಳಿದ್ರಲ್ಲ."

"ಅಕ್ಕಯ್ಯಾ, ಬ್ಯಾಡ ಅಕ್ಕಯ್ಯಾ."

"ಆವತ್ತು ನನ್ ಲೆಕ್ಕ ನಿಮಗೆ ಬ್ಯಾಡಾಗಿತ್ತು. ಇವತ್ತು ನಿಮ್ ಲೆಕ್ಕ ನನಗೆ ಬ್ಯಾಡ."

ಒಳಗೆ ನಾನು ಬೆರಳ ಗೆಣ್ಣಿನ ಮೇಲೆ ಎಣಿಸಿ ನೋಡಿದೆ. ಅತ್ತೆಗೆ ಏಳಾದಾಗ ಬೀಗರಿಗೆ ಎಂಟು. ಬೀಗರಿಗೆ ಒಂಬತ್ತಾದಾಗ ಅತ್ತೆಗೆ ಎಂಟು. ಅತ್ತೆಗೆ ಒಂಬತ್ತಾಗುವ ಹೊತ್ತಿಗೆ ಬೀಗರಿಗೆ ಹತ್ತು. ಇಬ್ಬರೂ ಒಪ್ಪುವ ತಿಂಗಳು ಆ ವರ್ಷದ ಪಂಚಾಂಗದಲ್ಲಿ ಇರಲೇ ಇಲ್ಲ. ಇದು ನನಗೆ ಹೊಳೆದಾಗ ತಂಗಿ ಎದುರಿಗೆ ಕೂತಿದ್ದಳು. ಸೀರೆ ಬದಲಿಸಿ, ತಲೆ ಬಾಚಿ, ತನ್ನ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಹೊರಡಲು ಸಿದ್ಧಳಾಗಿ ಕೂತಿದ್ದಳು. ಅವಳಿಗೆ ಅದು ಯಾವಾಗಲೋ ಹೊಳೆದಿತ್ತು ಎಂದು ಅವಳ ಕಣ್ಣು ನೋಡಿದಾಗ ಗೊತ್ತಾಯಿತು. ಆದರೂ ತಲೆ ಬಾಚಿಕೊಂಡಿದ್ದಳು.

"ಗಂಟಾದ್ರೂ ಇಲ್ಲಿಟ್ಟೋಗ್ಲಿ ಅತ್ತೆಮ್ಮ" ಎಂದು ನಾನು ಬಾಗಿಲ ಸಂದಿಯಿಂದ ಹೇಳಿದೆ.

"ಇಟ್ಟೋದ್ರೆ ಊರೇನಂತದೆ? ಸೊಸೆಗೆ ತುಪ್ಪ ಹಾಕಕ್ಕೆ ಗತಿ ಇಲ್ದೆ ಬೀಗ್ರ ಮನೆಯಿಂದ ತರ್ಸ್ಕಂಡ್ರು ಅಂತದೆ. ತಗಂಡೋಗಿ ಬೀಗ್ರೇ."

ಅವರು ಎದ್ದರು. "ನಾನು ಮಗಳ್ನ ಕರ್ಯಕ್ಕೆ ಬಂದೋನು. ಗಂಟು ಕೊಟ್ಟೋಗಕ್ಕೆ ಬಂದೋನಲ್ಲ" ಎಂದರು. ಎರಡು ಮನೆಗಳ ಮರ್ಯಾದೆಯೂ ಹೀಗೆ ಉಳಿಯಿತು. ತುಪ್ಪದ ಗಡಿಗೆ ಬಂದ ಬಸ್ಸಿನಲ್ಲಿಯೇ ವಾಪಸು ಹೋಯಿತು.

ಮಾರ್ಗಶಿರ ಹುಟ್ಟಿ ಎರಡು ಮೂರು ದಿನವಾಗಿರಬೇಕು. ಸಂಜೆ ಕೊಟ್ಟಿಗೆಯಿಂದ ಬಂದ ತಂಗಿ ಗೋಡೆ ಹಿಡಿದು ನಿಂತಳು. ಸೊಂಟದಿಂದ ನೋವು ಬರುತ್ತಿದೆ, ಬಿಟ್ಟು ಬಿಟ್ಟು ಬರುತ್ತಿದೆ ಎಂದಳು. ನಾನು ಅತ್ತೆಗೆ ಹೇಳಿದೆ.

ಅತ್ತೆ ಜೀರಿಗೆ ಕಷಾಯ ಕಾಸಿದರು. "ಒಂಬತ್ತು ಈಗ ಬಿದ್ದೈತೆ. ಒಂಬತ್ತು ತುಂಬಬೇಕು, ಮೇಲೆ ದಿನ ಆಗ್ಬೇಕು. ಇದು ಸುಳ್ಳು ನೋವು ಕಣಮ್ಮ. ಚೊಚ್ಚಲು ಅಂದ್ರೆ ಇಂಗೇಯ. ನನಗೂ ಬಂದಿತ್ತು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಹಟ ಮಾಡುತ್ತಿರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಜಗಲಿಯ ಮೇಲೆ ವಾದಕ್ಕೆಂದು ಹಿಡಿದ ಲೆಕ್ಕವನ್ನು ಅವರು ಅಷ್ಟರಲ್ಲಿ ಪೂರ್ತಿ ನಂಬಿಬಿಟ್ಟಿದ್ದರು. ಕಷಾಯವನ್ನು ಆರಿಸಿ, ತಂಗಿಯ ತಲೆ ಎತ್ತಿ ಹಿಡಿದು, ತಾವೇ ಕುಡಿಸಿದರು. ಅವಳ ಸೊಂಟಕ್ಕೆ ಹರಳೆಣ್ಣೆ ನೀವಿದರು. ನೋವು ಬಂದಾಗಲೆಲ್ಲ "ಸುಳ್ಳು ಕಣವ್ವ, ಸುಳ್ಳು, ಹೋಗ್ಬುಡ್ತದೆ" ಎಂದು ಸಮಾಧಾನ ಮಾಡಿದರು. ತಂಗಿ ಹಲ್ಲು ಕಚ್ಚಿಕೊಂಡಿದ್ದಳು. ಸುಳ್ಳು ನೋವಿಗೆ ಕೂಗಿದರೆ ಏನಂದುಕೊಳ್ಳುತ್ತಾರೋ ಎಂದು ಅವಳು ಕೂಗಲಿಲ್ಲ.

ಬೆಳಗಾಯಿತು. ನೋವು ಹೋಗಿರಲಿಲ್ಲ. ಸೂಲಗಿತ್ತಿಯನ್ನು ಕರೆಸೋಣ ಎಂದು ನಾನು ಎರಡು ಸಲ ಹೇಳಿದೆ. ಈಗಲೇ ಕರೆಸಿದರೆ ಹೆರಿಗೆ ಇಲ್ಲೇ ಎಂದು ನಾವೇ ಒಪ್ಪಿಕೊಂಡಂತೆ ಎಂಬುದನ್ನು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ನೀರು ಒಡೆದಿಲ್ಲವಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ನೀರು ಒಡೆಯಿತು. ಆಗ ಅವರೇ ಬರಿಗಾಲಲ್ಲಿ ಓಡಿದರು. ಸೂಲಗಿತ್ತಿ ಪಕ್ಕದ ಊರಿಗೆ ಹೋಗಿದ್ದಳು. ನನ್ನ ಗಂಡ ಹೋಗಿ ಕರೆತರುವ ಹೊತ್ತಿಗೆ ಹೊತ್ತು ಇಳಿದಿತ್ತು.

ಕೂಸು ಗಂಡು. ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದೆತ್ತಿ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ತಣ್ಣೀರು ಚಿಮುಕಿಸಿದಳು. ಅಳಲಿಲ್ಲ. ಮೊದಲೇ ಕರೆಸಿದ್ದರೆ ಬದುಕುತ್ತಿತ್ತು ಎಂದು ನಾನು ಹೇಳಲಾರೆ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಮೊದಲೇ ಕರೆಸಲಿಲ್ಲ, ಅಷ್ಟು ಗೊತ್ತು.

ಬಟ್ಟೆ ಸುತ್ತುವ ಮೊದಲು ಅತ್ತೆ ಕೂಸಿನ ಕೈಯನ್ನು ಎತ್ತಿ ಬೆಳಕಿಗೆ ಹಿಡಿದರು. ಉಗುರುಗಳು ಬೆರಳ ತುದಿಗೆ ಬಂದಿದ್ದವು. ತಲೆತುಂಬ ಕೂದಲು. ದಿನ ತುಂಬಿದ ಕೂಸು ಎಂದು ಹೇಳಲು ಯಾರೂ ಬೇಕಾಗಿರಲಿಲ್ಲ. ಅವರು ಒಂದೊಂದೇ ಬೆರಳನ್ನು ಬಿಡಿಸಿ ಉಗುರು ನೋಡಿದರು. ಐದನ್ನೂ ನೋಡಿ ಮತ್ತೆ ಮುಚ್ಚಿದರು.

ಬಾಣಂತನವನ್ನು ಅತ್ತೆಯೇ ಮಾಡಿದರು. ತುಪ್ಪ ಹಾಕಿದರು, ನೀರು ಎರೆದರು. ಯಾರ ಖರ್ಚು ಎಂಬ ಮಾತೇ ಏಳಲಿಲ್ಲ. ಅಷ್ಟು ದಿನ ಎರಡು ಊರುಗಳ ನಡುವೆ ಓಡಾಡಿದ ಆ ಪ್ರಶ್ನೆ ಕೂಸಿನ ಜೊತೆಗೇ ಹೋಯಿತು. ತಂಗಿಗೆ ಎದೆಹಾಲು ಮಾತ್ರ ನಿಲ್ಲಲಿಲ್ಲ. ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರೆ ಬತ್ತುತ್ತದೆ ಎನ್ನುತ್ತಾರೆ, ಕಟ್ಟಿದೆವು, ಬತ್ತಲಿಲ್ಲ.

ಸುದ್ದಿ ತಿಳಿದು ತಂದೆ ಮೂರನೆಯ ಸಲ ಬಂದರು. "ಕರ್ಕಂಡೋಗ್ತೀನಿ" ಎಂದರು. "ಕರ್ಕಂಡೋಗಿ" ಎಂದರು ಅತ್ತೆ. ಇಬ್ಬರೂ ಮೊದಲ ಮಾತಿಗೇ ಒಪ್ಪಿದರು. ಅವಳು ಈಗ ಯಾವ ತಿಂಗಳಲ್ಲೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವಳನ್ನು ನೋಡಿ ಬರಲು ನಾನು ಹೋಗಿದ್ದೆ. ಅವರ ಮನೆಯ ಹಿತ್ತಿಲಲ್ಲಿ ಕೂತು ಅವಳು ತನ್ನ ತಮ್ಮನಿಗೆ ಹಾಲು ಕುಡಿಸುತ್ತಿದ್ದಳು. ತಾಯಿಗೆ ವಯಸ್ಸಾಗಿತ್ತು, ಹಾಲು ಸಾಲುತ್ತಿರಲಿಲ್ಲ. ನನ್ನನ್ನು ನೋಡಿ ಅವಳು ಸೆರಗು ಎಳೆದುಕೊಳ್ಳಲಿಲ್ಲ. "ಕೂತ್ಕ ಅಕ್ಕ" ಎಂದಳು. ತಾಯಿ ಒಳಗಿನಿಂದ ಬರಲೇ ಇಲ್ಲ.

ಅದಾದ ಮೂರನೆಯ ವರ್ಷ, ನಮ್ಮ ಮನೆಗೆ ವಾಪಸು ಬಂದಿದ್ದ ತಂಗಿ ಮತ್ತೆ ಬಸುರಿಯಾದಳು. ಈ ಸಲ ಯಾವಾಗ ಹೊರಗಾಗಿದ್ದೆ ಎಂದು ಯಾರು ಕೇಳಿದರೂ "ಗೆಪ್ತಿ ಇಲ್ಲ" ಎನ್ನುತ್ತಿದ್ದಳು. ಊಟ ಇಟ್ಟು ಬಂದವಳು ನಾನೇ ಆದರೂ ನಾನೂ ಹೇಳಲಿಲ್ಲ. ಇದು ಮೊದಲನೆಯ ಹೆರಿಗೆಯೋ ಎರಡನೆಯದೋ, ತವರಿನದೋ ನಮ್ಮದೋ ಎಂದು ಊರಿನವರು ಜಗಲಿಯಲ್ಲಿ ಮಾತು ತೆಗೆದರು. ಅತ್ತೆ ಎದ್ದು ಒಳಗೆ ಬಂದುಬಿಟ್ಟರು. ಮೈದುನನ ಕಾರ್ಡಿನಲ್ಲಿ ಅಷ್ಟರೊಳಗೆ ಹೆಂಡತಿಯೂ ಸೇರಿದ್ದಳು. ಆದರೆ ಅದು ನಡೆಯುವುದು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತ್ರ. ಅವನಿಗೆ ಅಲ್ಲಿ ಈಗಲೂ ಇದ್ದದ್ದು ಪಾಳಿಯ ಮೇಲೆ ಮಲಗುವ ಕೋಣೆಯೇ. ಹೊಣೆ ಹೊರುವವರು ಸಿಕ್ಕಿದ್ದರು, ಅವರ ಬಾಗಿಲ ಹತ್ತಿರ ಇರಲು ಜಾಗ ಸಿಕ್ಕಿರಲಿಲ್ಲ.

ಹೊಟ್ಟೆ ಚೆನ್ನಾಗಿ ಕಾಣಿಸಿಕೊಂಡ ಮೇಲೆ ಒಂದು ದಿನ ಅತ್ತೆಯೇ, "ಮಧುಗಿರಿ ಆಸ್ಪತ್ರೆಗೆ ತೋರಿಸ್ಕಂಡು ಬರಾನಾ" ಎಂದರು. ಹೆರಿಗೆಯ ವಿಷಯಕ್ಕೆ ನಮ್ಮ ಮನೆಯಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಮೂವರೂ ಬಸ್ಸಿನಲ್ಲಿ ಹೋದೆವು. ಅತ್ತೆ ಒಳಗೆ ಬರಲಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ನಮಗೆ ಬೆನ್ನು ಮಾಡಿ ಕೂತರು. ನಾನು ತಂಗಿಯ ಜೊತೆ ಒಳಗೆ ಹೋದೆ.

ನರ್ಸಮ್ಮ ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ತಲೆ ಎತ್ತದೆ ಕೇಳಿದರು:

"ಎಷ್ಟು ತಿಂಗಳಮ್ಮ?"

ಆ ವರ್ಷವೂ ಅಧಿಕ ಬಂದಿತ್ತು. ಜ್ಯೇಷ್ಠ ಎರಡು.

ತಂಗಿ ಬಾಗಿಲ ಕಡೆ ನೋಡಿದಳು. ಅತ್ತೆಯ ಬೆನ್ನು ಕಾಣುತ್ತಿತ್ತು. ನರ್ಸಮ್ಮನ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದಳು:

"ಅಧಿಕ ಸೇರಿಸ್ಕಂಡು ಹೇಳ್ಲಾ, ಬುಟ್ಟು ಹೇಳ್ಲಾ?"

"ಏನಮ್ಮಾ?" ಎಂದು ನರ್ಸಮ್ಮ ತಲೆ ಎತ್ತಿದರು. ತಂಗಿ ಮತ್ತೆ ಹೇಳಲಿಲ್ಲ. ಹೇಳಬೇಕಾದ ಸಂಖ್ಯೆ ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅವಳ ಕೈ ಹಿಡಿದೆ. ನರ್ಸಮ್ಮ ಕಾಯುತ್ತಿದ್ದರು, ನಮ್ಮ ಹಿಂದೆ ಬೇರೆ ಹೆಂಗಸರು ಕಾಯುತ್ತಿದ್ದರು.

ಆಗ ಹೊರಗಿನಿಂದ ಅತ್ತೆಯ ದನಿ ಬಂತು. ತಿರುಗಿ ನೋಡದೆ, ಬೀದಿಯ ಕಡೆಗೇ ಮುಖವಿಟ್ಟುಕೊಂಡು ಅಂದರು:

"ಸೇರಿಸ್ಕಂಡೇ ಹೇಳು."

ಅದು ಕಿವಿಗೆ ಬಿದ್ದ ಮೇಲೆಯೇ ತಂಗಿ ಬಾಯಿ ಬಿಟ್ಟದ್ದು.